ಅಪ್ಪನ ರಿಟೈರ್‌ಮೆಂಟ್ ದುಡ್ಡು: ಹಳೆ ಶಿಷ್ಯನೇ ಬಂದು ಪಾಲಿಸಿ ಮಾಡಿಸಿದ್ದಾನೆ, ಈಗ ಏನು ಮಾಡಲಿ?

ಸಾಲಗಾಮೆ ರೋಡ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮಪ್ಪ ಹೈಸ್ಕೂಲ್ ಮೇಷ್ಟ್ರು, ಗಣಿತ. ಸರ್ವೀಸ್ ಜಾಸ್ತಿ ಅರಕಲಗೂಡು ಕಡೆ ಹಳ್ಳಿಗಳಲ್ಲಿ, ಕೊನೆಯ ಆರು ವರ್ಷ ಹಾಸನದಲ್ಲಿ. ಮೇ 31ಕ್ಕೆ ರಿಟೈರ್ ಆದರು. ಶಾಲು, ಹಾರ, ಮೈಸೂರು ಪೇಟ, ಒಂದು ಗೋಡೆ ಗಡಿಯಾರ ಎಲ್ಲ ಆಯಿತು. 2006ರ ಏಪ್ರಿಲ್‌ಗಿಂತ ಮೊದಲೇ ಕೆಲಸಕ್ಕೆ ಸೇರಿದವರು, ಹಾಗಾಗಿ ಹಳೆ ಪೆನ್ಷನ್ನೇ, ತಿಂಗಳ ಖರ್ಚಿಗೆ ತೊಂದರೆ ಇಲ್ಲ. ಪೆನ್ಷನ್ ಲೆಕ್ಕ ನೋಡುವ ಎಜಿ ಆಫೀಸಿನ ಪೇಪರ್ ಬಂದ ಮೇಲೆ ಡಿಸಿಆರ್‌ಜಿ (ಗ್ರಾಚ್ಯುಟಿ), ಕಮ್ಯುಟೇಶನ್ (ಪೆನ್ಷನ್ನಿನ ಒಂದು ಪಾಲನ್ನು ಮೊದಲೇ ಒಟ್ಟಿಗೆ ತಗೊಳ್ಳುವುದು), ಗಳಿಕೆ ರಜೆ ದುಡ್ಡು ಅದು ಇದು ಸೇರಿ 45 ಲಕ್ಷದ ಹತ್ತಿರ ಅಕೌಂಟಿಗೆ ಬಿತ್ತು. ನಮ್ಮ ಮನೆಯಲ್ಲಿ ಇಷ್ಟು ದುಡ್ಡನ್ನು ಯಾರೂ ಒಟ್ಟಿಗೆ ನೋಡಿದವರಲ್ಲ. ಅಮ್ಮ ಪಾಸ್‌ಬುಕ್ಕಿಗೆ ಅರಿಶಿನ ಕುಂಕುಮ ಹಚ್ಚಿದ್ದಾರೆ, ನಿಜವಾಗಲೂ.

ದುಡ್ಡು ಬಿದ್ದು ಮೂರು ದಿನಕ್ಕೆ ಬ್ಯಾಂಕಿನಿಂದ ಫೋನ್, "ಸರ್ ಒಂದ್ಸಲ ಬಂದು ಹೋಗಿ" ಅಂತ. ಅಪ್ಪ ಹೋಗಲಿಲ್ಲ. ಮುಂದಿನ ಭಾನುವಾರ ಅವರ ಹಳೆ ಶಿಷ್ಯನೊಬ್ಬ ಮನೆಗೇ ಬಂದ. ಈಗ ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಇದ್ದಾನಂತೆ. ಕಾಲಿಗೆ ಬಿದ್ದ, ಅಮ್ಮ ಕೊಟ್ಟ ಅಕ್ಕಿರೊಟ್ಟಿ ತಿಂದ, ಎಂಟನೇ ಕ್ಲಾಸಲ್ಲಿ ಅಪ್ಪ ಕಿವಿ ಹಿಂಡಿದ್ದನ್ನು ನೆನೆಸಿಕೊಂಡು ನಗಾಡಿದ. ಆಮೇಲೆ ಫೈಲ್ ತೆಗೆದ. "ಮೇಷ್ಟ್ರೇ, ಇದು ಗ್ಯಾರಂಟಿ ಪೆನ್ಷನ್ ಪ್ಲಾನ್. ವರ್ಷಕ್ಕೆ 4 ಲಕ್ಷ, ಐದೇ ವರ್ಷ ಕಟ್ಟಿ. ಏಳನೇ ವರ್ಷ ಮುಗಿದ ಮೇಲೆ ವರ್ಷಕ್ಕೆ 1 ಲಕ್ಷ 60 ಸಾವಿರ, ಇಪ್ಪತ್ತು ವರ್ಷ. 20 ಲಕ್ಷಕ್ಕೆ 32 ಲಕ್ಷ. ಎಂಟು ಪರ್ಸೆಂಟ್ ಬಿತ್ತಲ್ಲ!" ಅಂತ ಹಾಳೆಯ ಅಂಚಿನಲ್ಲಿ ಹಸಿರು ಪೆನ್ನಿನಲ್ಲಿ 8% ಬರೆದು ಎರಡು ಸಲ ಸುತ್ತು ಹಾಕಿದ. ಅಪ್ಪ ಅಲ್ಲೇ ಚೆಕ್ ಬರೆದುಕೊಟ್ಟರು.

ನನಗೆ ಗೊತ್ತಾಗಿದ್ದು ಮೊನ್ನೆ, ಬೆಂಗಳೂರಿನಿಂದ ಊರಿಗೆ ಬಂದಾಗ. ಪಾಲಿಸಿ ಬಾಂಡ್ ಕೊರಿಯರ್‌ನಲ್ಲಿ ಬಂದು ಒಂಬತ್ತು ದಿನ ಆಗಿದೆ. ಉಳಿದ ದುಡ್ಡಿನಲ್ಲಿ 10 ಲಕ್ಷ ಒಂದು ಸೌಹಾರ್ದ ಸಹಕಾರಿಯಲ್ಲಿ ಇಡೋಣ, ಅಲ್ಲಿ 11 ಪರ್ಸೆಂಟ್ ಕೊಡುತ್ತಾರೆ ಅಂತ ಮಾವ ಬೇರೆ ಹೇಳುತ್ತಿದ್ದಾರೆ.

ನಾನು ಸುಮ್ನೆ ಗಾಬರಿ ಆಗುತ್ತಿದ್ದೇನಾ? ಅಥವಾ ಏನಾದರೂ ಮಾಡಬೇಕಾ? ಯಾರನ್ನು ಕೇಳಬೇಕು ಅಂತಲೇ ಗೊತ್ತಾಗುತ್ತಿಲ್ಲ. ಕೇಳಿದವರೆಲ್ಲ ಏನಾದರೂ ಮಾರುವವರೇ.

---

ಹಳೇ ಕ್ಯಾಷಿಯರ್

ಗಾಬರಿ ಬೇಡಮ್ಮ. ಆದರೆ ತಡವೂ ಮಾಡಬೇಡಿ. ನಾನು ಬ್ಯಾಂಕಿನಲ್ಲಿ 34 ವರ್ಷ ಕೌಂಟರ್‌ನ ಆ ಕಡೆ ಕೂತವನು, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಮೊದಲು ಮಾಡಬೇಕಾದ್ದು: ಬಾಂಡ್ ಬಂದ ಕೊರಿಯರ್ ಕವರ್ ಇದೆಯಾ ಹುಡುಕಿ. ಕಸಕ್ಕೆ ಹಾಕಿದ್ದರೆ ಕೊರಿಯರ್‌ನವರ ಮೆಸೇಜ್ ಅಪ್ಪನ ಫೋನಲ್ಲಿ ಇರುತ್ತದೆ. ಜೀವವಿಮೆ ಪಾಲಿಸಿಯ ಬಾಂಡ್ ಕೈಗೆ ಸಿಕ್ಕಿದ ದಿನದಿಂದ 30 ದಿನದೊಳಗೆ "ಬೇಡ" ಅಂತ ಬರೆದುಕೊಟ್ಟರೆ ದುಡ್ಡು ವಾಪಸ್ ಕೊಡಲೇಬೇಕು. ಇದಕ್ಕೆ ಫ್ರೀ ಲುಕ್ ಅನ್ನುತ್ತಾರೆ. ಸ್ಟ್ಯಾಂಪ್ ಡ್ಯೂಟಿ, ಮೆಡಿಕಲ್ ಟೆಸ್ಟ್ ಮಾಡಿಸಿದ್ದರೆ ಅದರ ಖರ್ಚು, ಇಷ್ಟು ದಿನ ವಿಮೆ ಇತ್ತಲ್ಲ ಅದಕ್ಕೆ ಒಂದಿಷ್ಟು, ಅಷ್ಟೇ ಹಿಡಿದುಕೊಳ್ಳುತ್ತಾರೆ. ಬಾಂಡ್ ಜೊತೆ ಬರುವ ಕಾಗದದಲ್ಲೇ ಇದು ಇರುತ್ತದೆ, ಯಾರೂ ಓದುವುದಿಲ್ಲ. ಪಾಲಿಸಿ ಇಮೇಲ್‌ನಲ್ಲೂ ಬಂದಿದೆಯಾ ನೋಡಿ. ಅದು ಮೊದಲೇ ಬಂದಿದ್ದರೆ ಆ ದಿನದಿಂದಲೇ ಎಣಿಸಿಕೊಳ್ಳುವುದು ಒಳ್ಳೆಯದು.

ಪತ್ರವನ್ನು ಆ ಹುಡುಗನ ಕೈಗೆ ಕೊಡಬೇಡಿ. "ನಾನೇ ಸಬ್ಮಿಟ್ ಮಾಡ್ತೀನಿ ಮೇಷ್ಟ್ರೇ" ಅನ್ನುತ್ತಾನೆ, 30 ದಿನ ಕಳೆಯುತ್ತದೆ. ನೀವೇ ಕಂಪನಿಯ ಬ್ರಾಂಚಿಗೆ ಹೋಗಿ ಕೊಟ್ಟು, ನಿಮ್ಮ ಕಾಪಿ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಇಮೇಲೂ ಮಾಡಿ.

ಈಗ ಆ ಹಸಿರು ಪೆನ್ನಿನ ಎಂಟು ಪರ್ಸೆಂಟ್. 1.6 ಲಕ್ಷವನ್ನು 20 ಲಕ್ಷದಿಂದ ಭಾಗಿಸಿದರೆ 8 ಬರುತ್ತದೆ, ನಿಜ. ಆದರೆ ಅದು ಬಡ್ಡಿ ಅಲ್ಲ. ಯಾಕೆ ಅಂದರೆ ಅಸಲು ವಾಪಸ್ ಬರುವುದಿಲ್ಲ, ನಿಮ್ಮ ದುಡ್ಡನ್ನೇ ನಿಮಗೆ ಚೂರು ಚೂರು ಕೊಡುತ್ತಾರೆ, ಅದೂ ಮೊದಲ ಚೆಕ್ ಕೊಟ್ಟು ಏಳು ವರ್ಷ ಕಾದ ಮೇಲೆ. ಲೆಕ್ಕ ಹಾಕಿ ನೋಡಿದೆ, ಕಟ್ಟುವ ಐದು ಕಂತು, ಬರುವ ಇಪ್ಪತ್ತು ಕಂತು ಹಿಡಿದರೆ ವರ್ಷಕ್ಕೆ ಮೂರೂವರೆ ಪರ್ಸೆಂಟಿಗೆ ಚೂರು ಕಡಿಮೆ. ಕೊನೆಯ ಕಂತು ಬರುವ ಹೊತ್ತಿಗೆ ಅಪ್ಪನಿಗೆ 86 ದಾಟಿರುತ್ತದೆ.

ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಡಿ. ಅದೇ 20 ಲಕ್ಷವನ್ನು ಪೋಸ್ಟ್ ಆಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟರೆ, ಈಗಿನ 8.2 ಪರ್ಸೆಂಟ್ ದರಕ್ಕೆ ಮೂರು ತಿಂಗಳಿಗೊಮ್ಮೆ 41,000 ರೂಪಾಯಿ. ವರ್ಷಕ್ಕೆ 1 ಲಕ್ಷ 64 ಸಾವಿರ. ಅಂದರೆ ಶಿಷ್ಯ ಏಳು ವರ್ಷ ಆದ ಮೇಲೆ ಕೊಡುತ್ತೇನೆ ಅಂದಿದ್ದಕ್ಕಿಂತ ಜಾಸ್ತಿ, ಈ ವರ್ಷದಿಂದಲೇ, ಮತ್ತೆ 20 ಲಕ್ಷ ಹಾಗೇ ಕೂತಿರುತ್ತದೆ. ಐದು ವರ್ಷಕ್ಕೆ ಖಾತೆ ಮುಗಿಯುತ್ತದೆ, ಬೇಕಾದರೆ ಮೂರು ವರ್ಷ ಮುಂದುವರಿಸಬಹುದು. ಆಗಿನ ದರ ಆಗ ಇದ್ದಷ್ಟು, ಅದು ಇದರ ಕೊರತೆ. ಒಬ್ಬರಿಗೆ 30 ಲಕ್ಷದವರೆಗೆ ಇಡಬಹುದು, 2023ಕ್ಕೆ ಮೊದಲು 15 ಇತ್ತು. ಅಮ್ಮನಿಗೂ 60 ಆಗಿದ್ದರೆ ಅವರ ಹೆಸರಲ್ಲೇ ಬೇರೆ ಖಾತೆ. ನಮ್ಮ ಬ್ಯಾಂಕುಗಳಲ್ಲೂ ಇದನ್ನು ತೆರೆಯಬಹುದು, ಆದರೆ ಕೌಂಟರ್‌ನಲ್ಲಿ ತಾವಾಗಿ ಯಾರೂ ಹೇಳುವುದಿಲ್ಲ. ಯಾಕೆ ಅಂತ ನಿಮಗೇ ಗೊತ್ತಾಗುತ್ತದೆ.

---

ರೈಟ್ ರೈಟ್

ಮೇಡಂ, ನಾನು ರಿಟೈರ್ಡ್ ಕಂಡಕ್ಟರ್. ನಿಮ್ಮಪ್ಪನಿಗೆ ಸರ್ಕಾರಿ ಪೆನ್ಷನ್, ಪುಣ್ಯವಂತರು. ನಮಗೆ ಇಪಿಎಸ್ 95, ಅಂದರೆ ಪಿಎಫ್‌ನವರು ಕೊಡುವ ಪೆನ್ಷನ್. 1996ರಲ್ಲಿ ಸೇರಿ 26 ವರ್ಷ ಟಿಕೆಟ್ ಹರಿದವನಿಗೆ ತಿಂಗಳಿಗೆ ಮೂರೂವರೆ ಸಾವಿರ ಚಿಲ್ಲರೆ. ಹಳೆ ಸರ್ವೀಸಿಗೆ 6,500 ರೂಪಾಯಿ ಸಂಬಳದ ಮಿತಿ, 2014ರ ಸೆಪ್ಟೆಂಬರ್ ಆದ ಮೇಲೆ 15,000, ಅದನ್ನು ವರ್ಷದಿಂದ ಗುಣಿಸಿ 70ರಿಂದ ಭಾಗಿಸಿದರೆ ಅಷ್ಟೇ ಬರುವುದು.

ಈ ಹೊಟ್ಟೆಯುರಿಯಲ್ಲೇ ನಾನು ಬಿದ್ದೆ. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಜಾಸ್ತಿ ಪೆನ್ಷನ್ ಬಗ್ಗೆ ತೀರ್ಪು ಕೊಟ್ಟಿತಲ್ಲ, ಆಗ ಬಸ್ ಸ್ಟ್ಯಾಂಡ್ ಹತ್ತಿರ ಟೇಬಲ್ ಹಾಕಿಕೊಂಡಿದ್ದ ಒಬ್ಬ "ಹೈಯರ್ ಪೆನ್ಷನ್ ಮಾಡಿಸಿಕೊಡ್ತೀನಿ, 12 ಸಾವಿರ ಕೊಡಿ, ಪಿಎಫ್ ಆಫೀಸಲ್ಲಿ ನಮ್ಮೋರಿದಾರೆ" ಅಂದ. ಕೊಟ್ಟೆ. ದುಡ್ಡು ಮಾತ್ರ ಅಲ್ಲ, ಯುಎಎನ್ ಅನ್ನುವ ಪಿಎಫ್ ಖಾತೆ ನಂಬರ್, ಪಾಸ್‌ವರ್ಡ್, ಬಂದ ಒಟಿಪಿ ಎಲ್ಲ ಓದಿ ಹೇಳಿದೆ. ದಡ್ಡ ಅಂದರೆ ನಾನೇ. ಆಮೇಲೆ ನಮ್ಮ ಡಿಪೋ ಹುಡುಗನೊಬ್ಬ ತೋರಿಸಿದ, ಆ ಅರ್ಜಿ ಪಿಎಫ್ ವೆಬ್‌ಸೈಟಿನಲ್ಲೇ ಪುಕ್ಕಟೆ, ಯಾರಿಗೂ ಒಂದು ಪೈಸೆ ಕೊಡುವಂತಿರಲಿಲ್ಲ. ಅದಕ್ಕೆ ಕೊಟ್ಟಿದ್ದ ಕೊನೆಯ ದಿನ 2023ರ ಜುಲೈ 11. ಟೇಬಲ್ ಹಾಕಿದ್ದವನು ಅಷ್ಟರಲ್ಲಿ ಟೇಬಲ್ ಮಡಚಿಕೊಂಡು ಹೋಗಿದ್ದ.

ಹೋದ ದುಡ್ಡಿಗಿಂತ ಜಾಸ್ತಿ ಉರಿದಿದ್ದು ಏನು ಗೊತ್ತಾ, ಹೆಂಡತಿಗೆ ಹೇಳಲಿಕ್ಕೆ ಆಗದೆ ಆರು ತಿಂಗಳು ಮುಚ್ಚಿಟ್ಟಿದ್ದು. ನಿಮ್ಮಪ್ಪನ ಮೇಲೆ ರೇಗಬೇಡಿ ಮೇಡಂ. ರೇಗಿದರೆ ಮುಂದಿನ ಸಲ ಹೇಳುವುದಿಲ್ಲ.

---

ಮೂಡಿಗೆರೆ ಮಳೆ

ಮಾವನ ಸೌಹಾರ್ದದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ.

ನಮ್ಮಣ್ಣ ಲೈನ್‌ಮನ್ ಆಗಿದ್ದವನು. ರಿಟೈರ್ ಆದಾಗ 6 ಲಕ್ಷವನ್ನು ಇಂಥದ್ದೇ ಒಂದು ಸೊಸೈಟಿಯಲ್ಲಿ ಇಟ್ಟ. ಊರಿನ ದೊಡ್ಡ ಮನುಷ್ಯರೇ ಡೈರೆಕ್ಟರ್‌ಗಳು, ಗ್ರಾನೈಟ್ ಹಾಕಿದ ಆಫೀಸು, ಒಳಗೆ ಏಸಿ, ಗೋಡೆ ಮೇಲೆ ಲಕ್ಷ್ಮಿ ಫೋಟೋ. ಎರಡು ವರ್ಷ ತಿಂಗಳು ತಿಂಗಳು ಬಡ್ಡಿ ಬಂತು. ಅಷ್ಟರಲ್ಲಿ ಅಣ್ಣನೇ ಇನ್ನೂ ನಾಲ್ಕು ಜನರನ್ನು ಕರೆದುಕೊಂಡು ಹೋಗಿ ಇಡಿಸಿದ್ದ. ಮೂರನೇ ವರ್ಷ ಬಡ್ಡಿ ನಿಂತಿತು. "ಸಾಲ ವಸೂಲಿ ಆದ ಕೂಡಲೇ ಕೊಡ್ತೀವಿ" ಅನ್ನುತ್ತಾರೆ, ಇವತ್ತಿಗೂ ಅದೇ ಮಾತು. ಆ ನಾಲ್ಕು ಜನ ಎದುರು ಸಿಕ್ಕರೆ ಅಣ್ಣ ರಸ್ತೆಯ ಆ ಕಡೆ ದಾಟಿಬಿಡುತ್ತಾನೆ.

ಒಂದು ವಿಷಯ ಗೊತ್ತಿರಲಿ. ಬ್ಯಾಂಕ್ ಮುಳುಗಿದರೆ ಒಬ್ಬ ಠೇವಣಿದಾರನಿಗೆ, ಒಂದು ಬ್ಯಾಂಕಿನಲ್ಲಿ, ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. 2020ರ ಫೆಬ್ರವರಿಗೆ ಮೊದಲು ಬರೀ 1 ಲಕ್ಷ ಇತ್ತು. ಸಹಕಾರಿ *ಬ್ಯಾಂಕಿಗೂ* ಇದು ಇದೆ. ಆದರೆ ಸೌಹಾರ್ದ ಸಹಕಾರಿ, ಪತ್ತಿನ ಸಹಕಾರ ಸಂಘ ಅಂತ ಬೋರ್ಡ್ ಇರುವ ಸೊಸೈಟಿಗಳಿಗೆ ಇಲ್ಲ. ಅವು ರಿಸರ್ವ್ ಬ್ಯಾಂಕಿನ ಕೆಳಗೆ ಬರುವುದೂ ಇಲ್ಲ. ಎಲ್ಲ ಸೊಸೈಟಿಯೂ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ನಮ್ಮ ಅಡಿಕೆ, ಕಾಫಿ ಬೆಳೆಗಾರರು ಸೊಸೈಟಿ ಇಲ್ಲದೆ ಬದುಕಿದ್ದೇ ಇಲ್ಲ. ವ್ಯವಹಾರಕ್ಕೆ ಸೊಸೈಟಿ ಸರಿ. ರಿಟೈರ್‌ಮೆಂಟ್ ದುಡ್ಡು ಪೂರ್ತಿ ಅಲ್ಲಿ ಯಾಕೆ? ಬೇರೆ ಎಲ್ಲ ಕಡೆ ಏಳು ಎಂಟು ಕೊಡುವಾಗ ಇವರು ಹನ್ನೊಂದು ಕೊಡಬೇಕಾದರೆ ಆ ದುಡ್ಡನ್ನು ಯಾರಿಗೆ, ಎಷ್ಟಕ್ಕೆ ಸಾಲ ಕೊಡುತ್ತಾರೆ ಅಂತ ಮಾವನನ್ನು ಒಂದು ಮಾತು ಕೇಳಿ.

ಬ್ಯಾಂಕ್ ಅಂದ ಮಾತ್ರಕ್ಕೆ ನಿದ್ದೆ ಹೋಗಬಹುದು ಅಂತಲೂ ಇಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿನಿಂದ 35 ಸಾವಿರಕ್ಕಿಂತ ಜಾಸ್ತಿ ತೆಗೆಯುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ ಆದೇಶ ಮಾಡಿದಾಗ ಬಾಗಿಲ ಮುಂದೆ ನಿಂತಿದ್ದವರಲ್ಲಿ ಎಷ್ಟೋ ಜನ ತಲೆ ನೆರೆತವರೇ.

---

ಕಮಿಷನ್ ಗಿರಾಕಿ

ಹೆಸರು ನಾನೇ ಇಟ್ಟುಕೊಂಡಿದ್ದು, ನಗಬೇಡಿ. ನಾನು 18 ವರ್ಷದಿಂದ ಚಿಕ್ಕಮಗಳೂರಿನಲ್ಲಿ ವಿಮಾ ಏಜೆಂಟ್.

ಎಲ್ಲರೂ ಸೇರಿ ಏಜೆಂಟರನ್ನು ಹುರಿದು ತಿನ್ನುತ್ತಿದ್ದೀರಿ, ಸ್ವಲ್ಪ ನನ್ನ ಮಾತೂ ಕೇಳಿ. ಆ ಹುಡುಗ ಮಾಡಿದ್ದು ತಪ್ಪು, ಒಪ್ಪುತ್ತೇನೆ. 60 ವರ್ಷದ, ಪೆನ್ಷನ್ ಬರುವ, ಸತ್ತರೆ ಹೆಂಡತಿಗೆ ಕುಟುಂಬ ಪಿಂಚಣಿ ಹೋಗುವ ಮನುಷ್ಯನಿಗೆ ಐದು ವರ್ಷ ಕಂತು ಕಟ್ಟುವ ಪಾಲಿಸಿ ಯಾಕೆ? ಅವನಿಗೆ ಮೊದಲ ವರ್ಷದ ಕಂತಿನಲ್ಲಿ ಸಿಗುವ ಕಮಿಷನ್ ಜಾಸ್ತಿ, ಅದಕ್ಕೆ. ನನಗೂ ಅಷ್ಟೇ ಸಿಗುತ್ತದೆ, ಸುಳ್ಳು ಯಾಕೆ ಹೇಳಲಿ.

ಆದರೆ ಆನ್ಯುಟಿ ಅಂತ ಒಂದು ಇದೆ, ಒಂದೇ ಸಲ ದುಡ್ಡು ಕೊಟ್ಟು ಬದುಕಿರುವವರೆಗೂ ತಿಂಗಳು ತಿಂಗಳು ತಗೊಳ್ಳುವುದು. ಅದನ್ನು ಕೆಲವರಿಗೆ ನಾನು ಮನಃಪೂರ್ವಕವಾಗಿ ಮಾಡಿಸಿದ್ದೇನೆ. ಒಬ್ಬರು ಅಜ್ಜಿ, ಪೆನ್ಷನ್ ಇಲ್ಲ, ಇಬ್ಬರು ಗಂಡುಮಕ್ಕಳು, ಇಬ್ಬರಿಗೂ ವರ್ಷಕ್ಕೊಂದು ಹೊಸ ಬಿಸಿನೆಸ್. ಬ್ಯಾಂಕಿನಲ್ಲಿ ಎಫ್‌ಡಿ ಇದ್ದರೆ ಮುರಿಸುತ್ತಾರೆ. ಆನ್ಯುಟಿ ಮುರಿಯುವುದು ಅಷ್ಟು ಸುಲಭ ಅಲ್ಲ, ಅದೇ ಅದರ ಗುಣ. ಅಜ್ಜಿ ಈಗಲೂ ಸಿಕ್ಕಿದಾಗ "ನೀನು ನನ್ನ ದುಡ್ಡಿಗೆ ಬೀಗ ಹಾಕಿಕೊಟ್ಟೆ ಕಣಪ್ಪ" ಅನ್ನುತ್ತಾರೆ. ಬೆಲೆ ಏರಿದರೂ ಆ ದುಡ್ಡು ಏರುವುದಿಲ್ಲ, ತೆರಿಗೆಯೂ ಇದೆ. ಅದನ್ನು ಹೇಳಿಯೇ ಮಾಡಿಸಿದ್ದು.

ಮೇಡಂ, ಒಂದು ಕೆಲಸ ಮಾಡಿ. ಪಾಲಿಸಿ ಜೊತೆ ಬೆನಿಫಿಟ್ ಇಲಸ್ಟ್ರೇಶನ್ ಅಂತ ಒಂದು ಹಾಳೆ ಇರಬೇಕು, ಅದಕ್ಕೆ ಅಪ್ಪನ ಸಹಿ ಇರಬೇಕು. ಅದರಲ್ಲಿ ಗ್ಯಾರಂಟಿ ಅಂತ ಬರೆದಿರುವುದು ಎಷ್ಟು, ಅಂದಾಜು ಎಷ್ಟು ನೋಡಿ. ಎಷ್ಟೋ ಪಾಲಿಸಿಗಳಲ್ಲಿ 4% ಒಂದು ಕಾಲಂ, 8% ಒಂದು ಕಾಲಂ ಇರುತ್ತದೆ. ಆ ಎರಡೂ ಭರವಸೆ ಅಲ್ಲ, ಹೀಗಾದರೆ ಹೀಗೆ ಅನ್ನುವ ಊಹೆ. ಎಂಟರ ಕಾಲಂ ಮೇಲೆ ಬೆರಳಿಟ್ಟು ತೋರಿಸುವವರು ನಮ್ಮಲ್ಲಿ ಇದ್ದಾರೆ. ಇನ್ನೊಂದು, ಕಂಪನಿಯಿಂದ ಅಪ್ಪನಿಗೆ ಒಂದು ಫೋನ್ ಬಂದಿರುತ್ತದೆ, "ಎಲ್ಲ ಅರ್ಥವಾಯಿತಾ" ಅಂತ. ಆಗ ಏನು ಹೇಳಿದರು ಕೇಳಿ.

---

ಸಾಲಗಾಮೆ ರೋಡ್

ಕೇಳಿದೆ. "ಎಲ್ಲದಕ್ಕೂ ಯೆಸ್ ಅನ್ನಿ ಮೇಷ್ಟ್ರೇ, ಇಲ್ದಿದ್ರೆ ಪ್ರೋಸೆಸ್ ನಿಂತುಹೋಗುತ್ತೆ ಅಂದಿದ್ದ, ಯೆಸ್ ಅಂದೆ" ಅಂದರು. ಸಾಕಾ?

ಸಹಿ ಮಾಡಿದ ಹಾಳೆಯೂ ಸಿಕ್ಕಿತು. ಇಂಗ್ಲಿಷಿನಲ್ಲಿದೆ. ಕೆಳಗೆ "ನನಗೆ ನನ್ನ ಭಾಷೆಯಲ್ಲಿ ವಿವರಿಸಲಾಗಿದೆ" ಅನ್ನುವ ಅರ್ಥದ ಒಂದು ಸಾಲು, ಅದರ ಕೆಳಗೆ ಅಪ್ಪನ ಮುತ್ತಿನಂಥ ಕನ್ನಡ ಸಹಿ.

ಇನ್ನೊಂದು ಪ್ರಶ್ನೆ. ಹಾಗಾದರೆ ಸಲಹೆ ಯಾರ ಹತ್ತಿರ ಕೇಳಬೇಕು? ಉಳಿದ ದುಡ್ಡಿಗೆ.

---

ಹಳೇ ಕ್ಯಾಷಿಯರ್

ಯಾರನ್ನಾದರೂ ಕೇಳಿ, ಮೊದಲು ಒಂದೇ ಪ್ರಶ್ನೆ ಹಾಕಿ: "ನಿಮಗೆ ದುಡ್ಡು ಕೊಡುವವರು ಯಾರು, ನಾವಾ, ಕಂಪನಿಯಾ?" ಮುಖ ನೋಡಿದರೆ ಅರ್ಧ ಗೊತ್ತಾಗುತ್ತದೆ.

ಷೇರುಪೇಟೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸೆಬಿಯಲ್ಲಿ ನೋಂದಾಯಿಸಿದ ಹೂಡಿಕೆ ಸಲಹೆಗಾರರು ಅಂತ ಇರುತ್ತಾರೆ, ಅವರ ನೋಂದಣಿ ಸಂಖ್ಯೆ ಐಎನ್‌ಎ ಅಂತ ಶುರುವಾಗುತ್ತದೆ. ಸೆಬಿ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಬಹುದು. ಅವರು ನಿಮ್ಮಿಂದ ಫೀಸು ತಗೊಳ್ಳುತ್ತಾರೆ, ಕಮಿಷನ್ ತಗೊಳ್ಳುವಂತಿಲ್ಲ. ಎಆರ್‌ಎನ್ ನಂಬರ್ ಇರುವವರು ಮ್ಯೂಚುವಲ್ ಫಂಡ್ ವಿತರಕರು, ಅವರಿಗೆ ಫಂಡ್ ಕಂಪನಿಯಿಂದ ಕಮಿಷನ್. ಎರಡೂ ಕಾನೂನುಬದ್ಧವೇ, ಆದರೆ ಎರಡನೆಯವರು ಅಂಗಡಿಯವರು, ಡಾಕ್ಟರ್ ಅಲ್ಲ. ನಮ್ಮವರಿಗೆ ಫೀಸು ಅಂದರೆ ಹೊಟ್ಟೆ ಉರಿಯುತ್ತದೆ. ಐದು ಸಾವಿರ ಕೊಟ್ಟು ಸಲಹೆ ಕೇಳುವುದಕ್ಕೆ ಹಿಂದೆ ಮುಂದೆ ನೋಡುವವರು, ಪುಕ್ಕಟೆ ಸಲಹೆಗೆ 4 ಲಕ್ಷದ ಚೆಕ್ ಬರೆಯುತ್ತಾರೆ. ಅಪ್ಪನಿಗೆ ಹೇಳಬೇಡಿ ಇದನ್ನು.

ನಿಜ ಹೇಳಬೇಕಂದರೆ ನಿಮಗೆ ಸಲಹೆಗಾರ ಬೇಕೋ ಬೇಡವೋ ಅನ್ನುವುದೇ ಅನುಮಾನ. ಕಮ್ಯುಟೇಶನ್ ದುಡ್ಡು ಬೋನಸ್ ಅಲ್ಲ ಅನ್ನುವುದು ತಲೆಯಲ್ಲಿ ಇರಲಿ. ಅಪ್ಪ ತಮ್ಮ ಪೆನ್ಷನ್ನಿನ ಒಂದು ಪಾಲನ್ನು, ಮೂರನೇ ಒಂದರವರೆಗೆ ಇರಬಹುದು, 15 ವರ್ಷಕ್ಕೆ ಬಿಟ್ಟುಕೊಟ್ಟು ತಂದ ದುಡ್ಡು ಅದು. ಹಿರಿಯ ನಾಗರಿಕರ ಖಾತೆಯಲ್ಲಿ 30, ಒಂದೆರಡು ದೊಡ್ಡ ಬ್ಯಾಂಕುಗಳಲ್ಲಿ ಒಂದಿಷ್ಟು ಎಫ್‌ಡಿ, ಆಸ್ಪತ್ರೆ ಖರ್ಚಿಗೆ ಅಂತ ಎರಡು ಮೂರು ಲಕ್ಷ ಉಳಿತಾಯ ಖಾತೆಯಲ್ಲಿ. ಬಾಕಿ ಆರು ತಿಂಗಳು ಸುಮ್ಮನೆ ಬಿದ್ದಿರಲಿ. ಉಳಿತಾಯ ಖಾತೆಯಲ್ಲಿ ಕೊಳೆಯುವುದಿಲ್ಲ. ಎಲ್ಲದಕ್ಕೂ ನಾಮಿನಿ ಹಾಕಿಸಿ.

ಆ ಕಂಪನಿ ದುಡ್ಡು ಕೊಡಲಿಲ್ಲ ಅಂದರೆ ವಿಮಾ ಪ್ರಾಧಿಕಾರದ ಬಿಮಾ ಭರೋಸಾ ವೆಬ್‌ಸೈಟಿನಲ್ಲಿ ದೂರು ಕೊಡಿ, 155255ಕ್ಕೂ ಫೋನ್ ಮಾಡಬಹುದು. ಅದಾದ ಮೇಲೆ ಬೆಂಗಳೂರಿನಲ್ಲಿ ಇಂಥ ದೂರು ಕೇಳಿ ತೀರ್ಮಾನ ಮಾಡುವ ವಿಮಾ ಒಂಬುಡ್ಸ್‌ಮನ್ ಇದ್ದಾರೆ, ವಕೀಲರು ಬೇಕಾಗಿಲ್ಲ, ಫೀಸೂ ಇಲ್ಲ.

---

ಹಾಸನಾಂಬೆ ಭಕ್ತ

ಬ್ಯಾಂಕಿನವರಿಗೆ ದುಡ್ಡು ಬಿದ್ದಿದ್ದು ಗೊತ್ತಾಗುವುದು ಸರಿ, ಆ ಶಿಷ್ಯನಿಗೆ ಹೇಗೆ ಗೊತ್ತಾಯಿತು? ಬೀಳ್ಕೊಡುಗೆ ಫೋಟೋ ಫೇಸ್‌ಬುಕ್ಕಿಗೆ ಹಾಕಿದ್ದಿರಾ? ನಮ್ಮ ಚಿಕ್ಕಪ್ಪನದು ಹಾಕಿದ ವಾರಕ್ಕೇ "ಖಜಾನೆಯಿಂದ ಮಾತಾಡ್ತಿದೀವಿ, ಲೈಫ್ ಸರ್ಟಿಫಿಕೇಟ್ ಅಪ್‌ಡೇಟ್ ಮಾಡಬೇಕು, ಒಟಿಪಿ ಹೇಳಿ" ಅಂತ ಫೋನ್ ಬಂತು. ಜನ್ಮ ದಿನಾಂಕ, ರಿಟೈರ್ ಆದ ದಿನ ಎಲ್ಲ ಸರಿಯಾಗಿ ಹೇಳುತ್ತಾರೆ ಪಾಪಿಗಳು. ಲೈಫ್ ಸರ್ಟಿಫಿಕೇಟಿಗೆ ಯಾರೂ ಹಾಗೆ ಫೋನ್ ಮಾಡಿ ಒಟಿಪಿ ಕೇಳುವುದಿಲ್ಲ. ಬ್ಯಾಂಕಿಗೆ ಹೋಗಿ ಕೊಡಿ, ಇಲ್ಲ ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಮುಖ ತೋರಿಸಿ ಮನೆಯಲ್ಲೇ ಮಾಡಬಹುದು. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

---

ಸಾಲಗಾಮೆ ರೋಡ್

ಅಪ್‌ಡೇಟ್. ಎಲ್ಲರಿಗೂ ತುಂಬಾ ಥ್ಯಾಂಕ್ಸ್, ರೈಟ್ ರೈಟ್ ಅಂಕಲ್‌ಗೆ ಸ್ಪೆಷಲ್ ಆಗಿ. ನಾನು ರೇಗಲಿಲ್ಲ.

ರಾತ್ರಿ ಊಟ ಆದ ಮೇಲೆ ಆ ಎರಡು ಲೆಕ್ಕವನ್ನು ಅಪ್ಪನ ಮುಂದೆ ಸುಮ್ನೆ ಇಟ್ಟೆ, ಏನೂ ಹೇಳಲಿಲ್ಲ. ಕನ್ನಡಕ ಹಾಕಿಕೊಂಡು ಹಳೆ ಕ್ಯಾಲೆಂಡರಿನ ಹಿಂದೆ ಬರೆಯಲು ಶುರು ಮಾಡಿದರು. ಹನ್ನೊಂದು ಗಂಟೆವರೆಗೂ ಬರೆದರು. ಆಮೇಲೆ ಪೆನ್ ಕ್ಯಾಪ್ ಹಾಕಿ "ಮೂರು ಪಾಯಿಂಟ್ ನಾಲ್ಕು" ಅಂದರು. 35 ವರ್ಷ ಮಕ್ಕಳಿಗೆ ಚಕ್ರಬಡ್ಡಿ ಹೇಳಿಕೊಟ್ಟವರು, ತಮ್ಮ ದುಡ್ಡಿಗೆ ಲೆಕ್ಕವನ್ನೇ ಹಾಕಿರಲಿಲ್ಲ. "ಅವನು ಹಾಕಿದ್ದ ಅಲ್ವಾ, ಅವನ ಎದುರಿಗೇ ಮತ್ತೆ ಹಾಕಿದ್ರೆ ಏನಂದ್ಕೋತಾನೆ" ಅಂದರು.

ಕೊರಿಯರ್ ಕವರ್ ಸಿಗಲಿಲ್ಲ, ಅಮ್ಮ ಒಲೆಗೆ ಹಾಕಿದ್ದರು, ಆದರೆ ಮೆಸೇಜ್ ಇತ್ತು. ಇಮೇಲ್‌ನಲ್ಲಿ ಪಾಲಿಸಿ ಬಂದಿರಲಿಲ್ಲ. ಇವತ್ತು ಬೆಳಗ್ಗೆ ಇಬ್ಬರೂ ಬ್ರಾಂಚಿಗೆ ಹೋದೆವು. ಮುಕ್ಕಾಲು ಗಂಟೆ ಕೂರಿಸಿದರು, ಒಬ್ಬರು ಬಂದು "ಸರ್, ಮೂರು ಕಂತು ಕಟ್ಟಿ ನಿಲ್ಲಿಸಬಹುದು" ಅಂದರು, ಇನ್ನೊಬ್ಬರು ಬೇರೆ ಪ್ಲಾನಿಗೆ ಬದಲಾಯಿಸಿಕೊಡುತ್ತೇವೆ ಅಂದರು. ಅಪ್ಪ ಏನೂ ಮಾತಾಡದೆ ಪತ್ರದ ಎರಡನೇ ಕಾಪಿಯನ್ನು ಟೇಬಲ್ ಮೇಲೆ ಇಟ್ಟು, ಸೀಲು ಬೀಳುವವರೆಗೂ ಅದರ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. ಸೀಲು ಬಿತ್ತು. ಬಾಂಡ್ ಸಿಕ್ಕಿದ್ದಕ್ಕೆ ಇವತ್ತು ಹನ್ನೆರಡನೇ ದಿನ. ದುಡ್ಡು ಬಂದಾಗ ಇಲ್ಲೇ ತಿಳಿಸುತ್ತೇನೆ.

ಮಾವನಿಗೆ ಹೇಗೆ ಹೇಳುವುದು ಅಂತ ಇನ್ನೂ ಗೊತ್ತಿಲ್ಲ. ಸದ್ಯಕ್ಕೆ ಅಮ್ಮ "ಆಷಾಢ ಮುಗೀಲಿ, ನೋಡೋಣ" ಅಂದಿದ್ದಾರೆ.

ಸಂಜೆ ಶಿಷ್ಯ ಬಂದಿದ್ದ. ಮುಖ ಸಣ್ಣ ಆಗಿತ್ತು. ಅಪ್ಪ ಬೈಯಲಿಲ್ಲ, ಕೂರಿಸಿ ಕಾಫಿ ಕೊಡಿಸಿದರು. ಆಮೇಲೆ ಆ ಕ್ಯಾಲೆಂಡರ್ ತಂದು ಅವನ ಮುಂದೆ ಬಿಡಿಸಿಟ್ಟು, ಪೆನ್ನನ್ನೂ ಕೈಗೆ ಕೊಟ್ಟು, "ಈ ಮೂರನೇ ಸಾಲು ಹೇಗೆ ಬಂತು, ನೀನು ಹೇಳು" ಅಂದರು. ನಾನು ಅಡುಗೆಮನೆಗೆ ಎದ್ದು ಹೋದೆ.